ವೆಬ್‌ಮೇಲ್ ದಟ್ಟಣೆ: ಮೇಲ್ ಸರ್ವರನ್ನು ಹದಗೊಳಿಸುವ ಬಗೆ

ಪರೀಕ್ಷೆಯ ಪ್ರವೇಶಪತ್ರವೋ, ಸಂದರ್ಶನದ ಕರೆಯೋ, ಟೆಂಡರಿನ ತಿದ್ದುಪಡಿಯೋ ಮಿಂಚಂಚೆಯಲ್ಲಿ ಬರಬೇಕಾದ ದಿನವೇ ಸಂಸ್ಥೆಯ ಮೇಲ್ ಸರ್ವರ್ ಕೈಕೊಡುವುದು ಹೊಸ ಸಂಗತಿಯೇನಲ್ಲ. ವರ್ಷವಿಡೀ ಸದ್ದಿಲ್ಲದೆ ದುಡಿದ ಯಂತ್ರ ಅಂದು ಬೆಳಿಗ್ಗೆ ಹತ್ತಕ್ಕೆ ತೆವಳತೊಡಗುತ್ತದೆ, ಹತ್ತೂವರೆಗೆ ನಿಂತೇಬಿಡುತ್ತದೆ. ಅಂಚೆಪೆಟ್ಟಿಗೆ ತೆರೆಯಲು ಹೋದವರಿಗೆ ಕಾಣುವುದು ಬಿಳಿಯ ಪುಟ, ಇಲ್ಲವೇ ಸಂಪರ್ಕ ಕಡಿದಿದೆ ಎಂಬ ಒಂದು ಸಾಲು. ಗಡುವು ಸಂಜೆ ಐದಕ್ಕೆ ಮುಗಿಯುತ್ತದೆ. ಪತ್ರ ಸರ್ವರಿನ ಒಳಗೆ ಸುರಕ್ಷಿತವಾಗಿಯೇ ಇದೆ, ಆದರೆ ವಾರಸುದಾರನ ಕೈಗೆ ಸಿಗುತ್ತಿಲ್ಲ.

ಇಂತಹ ಹೊತ್ತಿನಲ್ಲಿ ಮೊದಲು ಕೇಳಿಬರುವ ಸಲಹೆ ಎರಡು: 'ಮಿತಿಗಳನ್ನು ಹೆಚ್ಚಿಸಿ', ಇಲ್ಲವೇ 'ಹೊಸ ಯಂತ್ರ ಕೊಳ್ಳಿ'. ಎರಡೂ ಕೆಲವೊಮ್ಮೆ ಸರಿ. ಆದರೆ ವೆಬ್‌ಮೇಲ್ ದಟ್ಟಣೆಯ ಸ್ವಭಾವವನ್ನು ಅರಿಯದೆ ಮಿತಿ ಏರಿಸಿದರೆ ತೆವಳುತ್ತಿರುವ ಯಂತ್ರ ಪೂರ್ತಿ ಮಲಗುತ್ತದೆ. ಆದುದರಿಂದ ಈ ದಟ್ಟಣೆ ಹುಟ್ಟುವುದು ಎಲ್ಲಿ, ಯಾವುದನ್ನು ಮೊದಲು ಸರಿಪಡಿಸಬೇಕು, ಯಾವುದನ್ನು ಆಮೇಲೆ ಎಂಬುದನ್ನು ಇಲ್ಲಿ ನೋಡೋಣ. ಲಿನಕ್ಸ್ ಯಂತ್ರದಲ್ಲಿ ಡವ್‌ಕಾಟ್ ಅಥವಾ ಕೊರಿಯರ್, ಅದರ ಮುಂದೆ ರೌಂಡ್‌ಕ್ಯೂಬ್‌ನಂತಹ ವೆಬ್‌ಮೇಲ್: ಸ್ವಂತ ಮೇಲ್ ಸರ್ವರ್ ಇಟ್ಟುಕೊಂಡ ಸಂಸ್ಥೆಗಳಲ್ಲಿ ಸಾಮಾನ್ಯವಾಗಿ ಕಾಣುವ ಜೋಡಣೆಯಿದು. ವಿವರಣೆಗೆ ಅದನ್ನೇ ಆರಿಸಿಕೊಳ್ಳಲಾಗಿದೆ.

ಎರಡು ಸ್ವಭಾವಗಳ ಜಗಳ

ಸರ್ವರಿನಲ್ಲಿರುವ ಪತ್ರಗಳನ್ನು ಅಲ್ಲಿಯೇ ಇಟ್ಟು ಓದುವ ವ್ಯವಸ್ಥೆಗೆ ಐಮ್ಯಾಪ್ ಎಂದು ಹೆಸರು. 1986ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಮಾರ್ಕ್ ಕ್ರಿಸ್ಪಿನ್ ಇದನ್ನು ರೂಪಿಸಿದರು. ಅವರ ಕಲ್ಪನೆಯಲ್ಲಿದ್ದುದು ದೀರ್ಘ ಸಂಭಾಷಣೆ. ಬಳಕೆದಾರನ ತಂತ್ರಾಂಶ ಬೆಳಿಗ್ಗೆ ಒಮ್ಮೆ ಸಂಪರ್ಕ ಸಾಧಿಸುತ್ತದೆ, ಗುಪ್ತಪದ ಹೇಳುತ್ತದೆ, ಪೆಟ್ಟಿಗೆ ತೆರೆಯುತ್ತದೆ, ಸಂಜೆಯವರೆಗೆ ಅದೇ ಸಂಪರ್ಕದಲ್ಲಿ ಮಾತು ಮುಂದುವರಿಸುತ್ತದೆ. ಥಂಡರ್‌ಬರ್ಡ್‌ನಂತಹ ತಂತ್ರಾಂಶಗಳು ಇಂದಿಗೂ ಹೀಗೆಯೇ ನಡೆದುಕೊಳ್ಳುತ್ತವೆ.

ವೆಬ್ ಪುಟಗಳ ಭಾಷೆಯಾದ ಎಚ್‌ಟಿಟಿಪಿಯ ಸ್ವಭಾವ ಇದಕ್ಕೆ ತದ್ವಿರುದ್ಧ. ಅದಕ್ಕೆ ನೆನಪಿಲ್ಲ. ಪುಟ ಕೇಳಿದಾಗ ಕೊಡುತ್ತದೆ, ಕೊಟ್ಟ ಮೇಲೆ ಕೇಳಿದವರು ಯಾರೆಂಬುದನ್ನೇ ಮರೆಯುತ್ತದೆ. ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ತಮ್ಮ ಸಹೋದ್ಯೋಗಿ ಜ್ಯಾಕ್ ಸ್ಮಿತ್ ಜೊತೆಗೂಡಿ 1996ರ ಜುಲೈ 4ರಂದು ಹಾಟ್‌ಮೇಲ್ ಆರಂಭಿಸಿದ ಮೇಲೆ ಬ್ರೌಸರಿನಲ್ಲಿಯೇ ಪತ್ರ ಓದುವ ಅಭ್ಯಾಸ ಜಗತ್ತಿಗೆಲ್ಲ ಹಬ್ಬಿತು. ಸಂಸ್ಥೆಗಳೂ ತಮ್ಮ ಐಮ್ಯಾಪ್ ಸರ್ವರುಗಳ ಮುಂದೆ ವೆಬ್ ಪುಟದ ಬಾಗಿಲೊಂದನ್ನು ಕೂರಿಸಲು ಬಯಸಿದವು. 1999ರಲ್ಲಿ ಬಂದ ಸ್ಕ್ವಿರಲ್‌ಮೇಲ್, ಆಮೇಲೆ 2005ರಲ್ಲಿ ಆರಂಭವಾದ ರೌಂಡ್‌ಕ್ಯೂಬ್ ಆ ಕೆಲಸಕ್ಕೆ ಹೆಸರಾದವು.

ಈ ಬಾಗಿಲ ಹಿಂದೆ ನಡೆಯುವುದೇನು? ನೀವು ಪತ್ರವೊಂದರ ಶೀರ್ಷಿಕೆಯ ಮೇಲೆ ಒತ್ತಿದಾಗ ಪಿಎಚ್‌ಪಿಯಲ್ಲಿ ಬರೆದ ವೆಬ್‌ಮೇಲ್ ಎದ್ದು ಐಮ್ಯಾಪ್ ಸರ್ವರಿಗೆ ಹೊಸ ಸಂಪರ್ಕ ಜೋಡಿಸುತ್ತದೆ, ನಿಮ್ಮ ಹೆಸರು ಮತ್ತು ಗುಪ್ತಪದ ಹೇಳುತ್ತದೆ, ಪೆಟ್ಟಿಗೆ ತೆರೆಸುತ್ತದೆ, ಆ ಒಂದು ಪತ್ರ ತರುತ್ತದೆ, ವಿದಾಯ ಹೇಳಿ ಸಂಪರ್ಕ ಕಡಿಯುತ್ತದೆ. ಮುಂದಿನ ಪತ್ರಕ್ಕೆ ಒತ್ತಿದರೆ ಇಡೀ ವಿಧಿ ಮತ್ತೆ ಮೊದಲಿನಿಂದ. ಬ್ಯಾಂಕಿನ ಕೌಂಟರಿನಲ್ಲಿ ಪಾಸ್‌ಬುಕ್ ತೋರಿಸಿ ಶಿಲ್ಕು ಕೇಳಿ, ಹೊರಗೆ ಬಂದು, ಪುನಃ ಸರತಿಯಲ್ಲಿ ನಿಂತು ಚೆಕ್ ಪುಸ್ತಕ ಕೇಳಿ, ಮತ್ತೆ ಹೊರಗೆ ಬಂದಂತೆ. ಕೆಲಸ ಚಿಕ್ಕದು, ಅದಕ್ಕೆ ತಗಲುವ ಉಪಚಾರ ದೊಡ್ಡದು.

ಯಾರೂ ಒತ್ತದಿದ್ದರೂ ಈ ವಿಧಿ ನಡೆಯುತ್ತಿರುತ್ತದೆ ಎಂಬುದು ಬಹುಮಂದಿ ಗಮನಿಸದ ಸಂಗತಿ. ಹೊಸ ಪತ್ರ ಬಂದಿದೆಯೇ ಎಂದು ರೌಂಡ್‌ಕ್ಯೂಬ್ ತಾನಾಗಿಯೇ ಪ್ರತಿ 60 ಸೆಕೆಂಡಿಗೊಮ್ಮೆ ವಿಚಾರಿಸುತ್ತದೆ. ಅದರ ಮೂಲ ಹೊಂದಾಣಿಕೆಯೇ ಹಾಗಿದೆ. ವಿದ್ಯಾಸಂಸ್ಥೆಯೊಂದರಲ್ಲಿ 2000 ಮಂದಿ ವೆಬ್‌ಮೇಲ್ ಪುಟ ತೆರೆದಿಟ್ಟು ಕಾಫಿಗೆ ಎದ್ದುಹೋದರೆಂದುಕೊಳ್ಳಿ. ಆಗಲೂ ಸೆಕೆಂಡಿಗೆ 33 ಹೊಸ ಸಂಪರ್ಕ, 33 ಗುಪ್ತಪದ ಪರಿಶೀಲನೆ, 33 ಪೆಟ್ಟಿಗೆ ತೆರೆಯುವಿಕೆ ನಡೆದೇ ಇರುತ್ತವೆ. ಈ ಅವಧಿಯನ್ನು 300 ಸೆಕೆಂಡಿಗೆ ಏರಿಸಿದರೆ ಅದು ಸೆಕೆಂಡಿಗೆ ಏಳಕ್ಕಿಂತ ಕಡಿಮೆಯಾಗುತ್ತದೆ. ಒಂದು ರೂಪಾಯಿ ಖರ್ಚಿಲ್ಲದೆ ಹೊರೆಯ ದೊಡ್ಡ ಪಾಲು ಇಳಿಯಿತು. ಬಳಕೆದಾರರು ತಮ್ಮ ಆಯ್ಕೆಗಳ ಪುಟದಲ್ಲಿ ಇದನ್ನು ಮತ್ತೆ ಕೆಳಗಿಳಿಸಿಕೊಳ್ಳಬಹುದಾದ್ದರಿಂದ ಕನಿಷ್ಠ ಅವಧಿಯ ಹೊಂದಾಣಿಕೆಯನ್ನೂ ಜೊತೆಗೇ ಏರಿಸಬೇಕು. ಎಲ್ಲ ಕಡತಕೋಶಗಳಲ್ಲಿಯೂ ಹೊಸ ಪತ್ರ ಹುಡುಕುವ ಆಯ್ಕೆ ಇದ್ದರೆ ಅದನ್ನು ಮುಚ್ಚುವುದು ಲೇಸು. ಪತ್ರ ನಾಲ್ಕು ನಿಮಿಷ ತಡವಾಗಿ ಕಣ್ಣಿಗೆ ಬಿದ್ದರೆ ಹೆಚ್ಚಿನ ಕಚೇರಿಗಳಲ್ಲಿ ಆಕಾಶ ಕಳಚಿ ಬೀಳುವುದಿಲ್ಲ.

ಎಷ್ಟು ಜನ ಎಂಬುದಲ್ಲ, ಎಷ್ಟು ಹೊತ್ತು

ಸರತಿಯ ಶಾಸ್ತ್ರದಲ್ಲಿ ಒಂದು ಸರಳ ಸೂತ್ರವಿದೆ. 1961ರಲ್ಲಿ ಅಮೆರಿಕದ ಜಾನ್ ಲಿಟಲ್ ಅದನ್ನು ಸಾಧಿಸಿ ತೋರಿಸಿದ್ದರಿಂದ ಅವರ ಹೆಸರೇ ಅದಕ್ಕೆ ಅಂಟಿಕೊಂಡಿದೆ. ಒಂದು ಜಾಗದೊಳಗೆ ಸರಾಸರಿ ಎಷ್ಟು ಜನ ಇರುತ್ತಾರೆ ಎಂದು ತಿಳಿಯಬೇಕಾದರೆ, ಸೆಕೆಂಡಿಗೆ ಎಷ್ಟು ಜನ ಬರುತ್ತಾರೆ ಎಂಬುದನ್ನು ಒಬ್ಬೊಬ್ಬರು ಎಷ್ಟು ಸೆಕೆಂಡು ನಿಲ್ಲುತ್ತಾರೆ ಎಂಬುದರಿಂದ ಗುಣಿಸಿದರೆ ಸಾಕು.

ನಮ್ಮ ವಿದ್ಯಾಸಂಸ್ಥೆಯ ಸರ್ವರಿಗೆ ಸೆಕೆಂಡಿಗೆ 40 ಬೇಡಿಕೆಗಳು ಬರುತ್ತಿವೆ ಎನ್ನೋಣ. ಪ್ರತಿಯೊಂದೂ 0.2 ಸೆಕೆಂಡಿನಲ್ಲಿ ಮುಗಿದರೆ ಯಾವುದೇ ಕ್ಷಣದಲ್ಲಿ ಒಳಗಿರುವುದು ಕೇವಲ 8. ಡಿಸ್ಕ್ ತಡವರಿಸಿ ಅದೇ ಕೆಲಸಕ್ಕೆ 3 ಸೆಕೆಂಡು ಹಿಡಿದರೆ 120. 8 ಸೆಕೆಂಡಾದರೆ 320. ಬಳಕೆದಾರರು ಒಬ್ಬರೂ ಹೆಚ್ಚಾಗಿಲ್ಲ, ಆದರೂ ಒಳಗಿನ ಸಂದಣಿ ನಲವತ್ತು ಪಟ್ಟು ಬೆಳೆಯಿತು. ಅಪಾಚೆ ವೆಬ್ ಸರ್ವರ್ ಹಳೆಯ ಪ್ರೀಫೋರ್ಕ್ ಕ್ರಮದಲ್ಲಿ ಮೂಲತಃ 256 ಬೇಡಿಕೆಗಳನ್ನಷ್ಟೇ ಏಕಕಾಲಕ್ಕೆ ನಿಭಾಯಿಸುತ್ತದೆ. ಅಲ್ಲಿಗೆ ಬಾಗಿಲು ಮುಚ್ಚಿತು.

ಇಷ್ಟಕ್ಕೆ ಮುಗಿಯುವುದಿಲ್ಲ. ಪುಟ ಬರದೆ ಬೇಸತ್ತವರು ರಿಫ್ರೆಶ್ ಗುಂಡಿ ಒತ್ತುತ್ತಾರೆ. ಅವರ ಹಳೆಯ ಬೇಡಿಕೆ ಸಾಮಾನ್ಯವಾಗಿ ಅಲ್ಲಿಗೆ ಸಾಯುವುದಿಲ್ಲ. ಐಮ್ಯಾಪ್ ಉತ್ತರಕ್ಕೆ ಕಾಯುತ್ತ ಕುಳಿತ ಪಿಎಚ್‌ಪಿಗೆ ಆಚೆ ಬದಿಯ ಬ್ರೌಸರ್ ಎದ್ದುಹೋದದ್ದು ತಿಳಿಯುವುದು ಪುಟವನ್ನು ಕಳಿಸಹೊರಟಾಗಲೇ. ಹೀಗೆ ಒಬ್ಬನೇ ಬಳಕೆದಾರ ನಾಲ್ಕು ಸ್ಥಾನಗಳನ್ನು ಹಿಡಿದಿರುತ್ತಾನೆ, ಅವುಗಳಲ್ಲಿ ಮೂರರ ಉತ್ತರ ಯಾರಿಗೂ ಬೇಕಿಲ್ಲ. ನಿಧಾನವೇ ದಟ್ಟಣೆಯನ್ನು ಹೆಚ್ಚಿಸಿ, ದಟ್ಟಣೆ ನಿಧಾನವನ್ನು ಹೆಚ್ಚಿಸುವ ಈ ಸುಳಿಗೆ ಸಿಕ್ಕ ಸರ್ವರ್ ತಾನಾಗಿ ಮೇಲೇಳುವುದು ಅಪರೂಪ.

ಮದುವೆ ಮನೆಯ ಅನುಭವ ಇದ್ದವರಿಗೆ ಇದು ಬೇಗ ಅರ್ಥವಾದೀತು. ಅಡುಗೆಮನೆಯಿಂದ ಅನ್ನ ಬರುವುದು ತಡವಾದಾಗ ಇನ್ನೂ ಇನ್ನೂರು ಎಲೆ ಹಾಕಿಸಿದರೆ ಊಟ ಬೇಗ ಮುಗಿಯುವುದಿಲ್ಲ. ಬರಿ ಎಲೆಯ ಮುಂದೆ ಕುಳಿತವರ ಸಂಖ್ಯೆ ಹೆಚ್ಚುತ್ತದೆ, ಬಡಿಸುವವರಿಗೆ ನಡೆಯಲು ದಾರಿಯೂ ಉಳಿಯುವುದಿಲ್ಲ. ಮಿತಿಗಳನ್ನು ಏರಿಸುವ ಮೊದಲು ಪ್ರತಿ ಭೇಟಿಯ ಅವಧಿಯನ್ನು ಇಳಿಸಬೇಕು ಎನ್ನುವುದು ಇದಕ್ಕಾಗಿಯೇ.

ಭೇಟಿಯನ್ನು ಚಿಕ್ಕದು ಮಾಡುವುದು

ಸಮಯ ಹೋಗುವ ಮೊದಲ ಜಾಗ ಡಿಸ್ಕ್. ನಿಮಿಷಕ್ಕೆ 7200 ಸುತ್ತು ತಿರುಗುವ ಸಾಮಾನ್ಯ ಹಾರ್ಡ್ ಡಿಸ್ಕ್ ಅಲ್ಲಲ್ಲಿ ಚದುರಿದ ಕಡತಗಳನ್ನು ಓದುವಾಗ ಸೆಕೆಂಡಿಗೆ ನೂರರ ಆಸುಪಾಸು ಕಾರ್ಯಗಳನ್ನಷ್ಟೇ ಮಾಡಬಲ್ಲದು. ಮೇಲ್‌ಡಿರ್ ಎಂಬ ಶೇಖರಣಾ ಕ್ರಮದಲ್ಲಿ ಪ್ರತಿ ಪತ್ರವೂ ಪ್ರತ್ಯೇಕ ಕಡತ. ಹತ್ತು ಸಾವಿರ ಪತ್ರಗಳ ಪೆಟ್ಟಿಗೆಯನ್ನು ವಿಷಯಾನುಸಾರ ಜೋಡಿಸಿ ತೋರಿಸು ಎಂದರೆ, ಪೂರ್ವಸಿದ್ಧತೆಯಿಲ್ಲದ ಸರ್ವರ್ ಹತ್ತು ಸಾವಿರ ಕಡತಗಳ ತಲೆಬರಹ ಓದಬೇಕು. ಮೇಲಿನ ಲೆಕ್ಕದಲ್ಲಿ ಅದು ಒಂದೂವರೆ ನಿಮಿಷವನ್ನೂ ಮೀರುವ ಕೆಲಸ. ಹಳೆಯ ಎಂಬಾಕ್ಸ್ ಕ್ರಮದ ಪಾಡು ಬೇರೆ ರೀತಿಯದು. ಇಡೀ ಪೆಟ್ಟಿಗೆ ಒಂದೇ ಕಡತವಾದ್ದರಿಂದ ನಡುವಿನ ಪತ್ರವೊಂದನ್ನು ಅಳಿಸಿದರೆ ಅದರ ನಂತರದ ಭಾಗವನ್ನೆಲ್ಲ ಹೊಸದಾಗಿ ಬರೆಯಬೇಕು, ಅಷ್ಟು ಹೊತ್ತೂ ಪೆಟ್ಟಿಗೆಗೆ ಬೀಗ.

ಫಿನ್‌ಲೆಂಡಿನ ಟಿಮೊ ಸಿರೈನೆನ್ 2002ರಲ್ಲಿ ಬಿಡುಗಡೆ ಮಾಡಿದ ಡವ್‌ಕಾಟ್ ಜನಪ್ರಿಯವಾಗಲು ಮುಖ್ಯ ಕಾರಣ ಅದರ ಸೂಚಿ ಕಡತಗಳು. ಯಾವ ಪತ್ರ ಓದಿದೆ, ಯಾವುದು ಹೊಸದು, ಯಾರಿಂದ ಬಂದಿದೆ, ವಿಷಯವೇನು ಎಂಬುದನ್ನೆಲ್ಲ ಅದು ಪೆಟ್ಟಿಗೆಗೊಂದರಂತೆ ಚಿಕ್ಕ ಕಡತಗಳಲ್ಲಿ ಬರೆದಿಟ್ಟುಕೊಳ್ಳುತ್ತದೆ. ಎರಡನೆಯ ಸಲ ಅದೇ ಪಟ್ಟಿ ಕೇಳಿದಾಗ ಮೂಲ ಪತ್ರಗಳನ್ನು ಮುಟ್ಟುವ ಗೋಜೇ ಇಲ್ಲ. ಪತ್ರಗಳನ್ನು ಅಗ್ಗದ ದೊಡ್ಡ ಡಿಸ್ಕಿನಲ್ಲಿಯೇ ಬಿಟ್ಟು ಈ ಸೂಚಿಗಳನ್ನಷ್ಟೇ ಎಸ್‌ಎಸ್‌ಡಿಗೆ ಸಾಗಿಸಬಹುದು. ಸೀಮಿತ ಹಣವಿರುವ ಸಂಸ್ಥೆಗೆ ಇದಕ್ಕಿಂತ ಫಲದಾಯಕ ಖರೀದಿ ಇನ್ನೊಂದಿಲ್ಲ ಎಂದು ಈ ಲೇಖಕನ ಅಭಿಪ್ರಾಯ. ಕಡತ ಓದಿದಾಗಲೆಲ್ಲ ಓದಿದ ಸಮಯವನ್ನು ಬರೆದಿಡುವ ಕೆಲಸವನ್ನು 'ನೋಎಟೈಮ್' ಎಂಬ ಆಯ್ಕೆಯಿಂದ ನಿಲ್ಲಿಸುವುದು, ಬ್ಯಾಕಪ್ ಮತ್ತು ವೈರಸ್ ತಪಾಸಣೆಯ ಪೂರ್ಣ ಸುತ್ತುಗಳನ್ನು ರಾತ್ರಿಗೆ ತಳ್ಳುವುದು ಮುಂತಾದವು ಚಿಕ್ಕ ಲಾಭಗಳು. ಅವನ್ನೂ ಬಿಡಬೇಕಾಗಿಲ್ಲ.

ಹುಡುಕಾಟದ ವಿಷಯ ಸ್ವಲ್ಪ ವಿಸ್ತರಿಸಬೇಕು. ಪತ್ರದ ಒಡಲಿನಲ್ಲಿ ಪದವೊಂದನ್ನು ಹುಡುಕಲು ಹೇಳಿದರೆ, ಪಠ್ಯದ ಸೂಚಿ ಇಲ್ಲದ ಸರ್ವರ್ ಪ್ರತಿ ಪತ್ರವನ್ನೂ ತೆರೆಯಬೇಕು. ಕನ್ನಡದಲ್ಲಿ ಬರೆದ ಪತ್ರಗಳಿಗೆ ಮತ್ತೊಂದು ಹಂತ ಹೆಚ್ಚು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು, ಅದನ್ನು ಸಾಗಣೆಗಾಗಿ ಬೇಸ್-64ಕ್ಕೆ ಪರಿವರ್ತಿಸಿದಾಗ 4 ಬೈಟ್ ಆಗುತ್ತದೆ. ಹುಡುಕುವ ಮೊದಲು ಈ ಸುರುಳಿಯನ್ನು ಬಿಚ್ಚಬೇಕು. ದಿನವೂ ಹುಡುಕುವ ಬಳಕೆದಾರರು ಹತ್ತು ಮಂದಿ ಇದ್ದರೂ ಸಾಕು, ಸೋಲರ್‌ನಂತಹ ಪಠ್ಯಸೂಚಿ ವ್ಯವಸ್ಥೆಯನ್ನು ಡವ್‌ಕಾಟ್‌ಗೆ ಜೋಡಿಸುವುದು ಸಾರ್ಥಕವಾಗುತ್ತದೆ.

ಸಮಯ ಹೋಗುವ ಎರಡನೆಯ ಜಾಗ ಗುಪ್ತಪದ ಪರಿಶೀಲನೆ. ಇಲ್ಲಿ ಭದ್ರತೆಗೂ ವೇಗಕ್ಕೂ ನೇರ ಘರ್ಷಣೆಯಿದೆ. ಕದ್ದ ಗುಪ್ತಪದ ಪಟ್ಟಿಯನ್ನು ಕಳ್ಳರು ಬೇಗ ಭೇದಿಸಬಾರದೆಂದು ಬಿಕ್ರಿಪ್ಟ್‌ನಂತಹ ವಿಧಾನಗಳನ್ನು ಬೇಕೆಂದೇ ನಿಧಾನವಾಗಿ ರೂಪಿಸಲಾಗಿದೆ. ದಿನಕ್ಕೊಮ್ಮೆ ಗುಪ್ತಪದ ಹೇಳುವ ಬಳಕೆದಾರನಿಗೆ ಆ ನಿಧಾನ ತಿಳಿಯುವುದೇ ಇಲ್ಲ. ವೆಬ್‌ಮೇಲ್ ಮಾತ್ರ ಪ್ರತಿ ಒತ್ತಿಗೂ ಗುಪ್ತಪದ ಹೇಳುತ್ತದೆ. ಡವ್‌ಕಾಟ್‌ನ ದೃಢೀಕರಣ ಸಂಗ್ರಹವನ್ನು ಚಾಲನೆಗೊಳಿಸಿದರೆ ದತ್ತಸಂಚಯವನ್ನು ಪದೇ ಪದೇ ವಿಚಾರಿಸುವುದು ತಪ್ಪುತ್ತದೆ. ಹಾಗೆಂದು ದುರ್ಬಲ ವಿಧಾನಕ್ಕೆ ಇಳಿಯುವುದು ಸರಿಯಲ್ಲ. ಗುಪ್ತಪದ ಹೇಳುವ ಸಂದರ್ಭಗಳನ್ನೇ ಕಡಿಮೆ ಮಾಡುವ ಉಪಾಯ ಇರುವಾಗ ಬೀಗವನ್ನು ಸಡಿಲಿಸುವುದೇಕೆ?

ಆ ಉಪಾಯಕ್ಕೆ ಐಮ್ಯಾಪ್‌ಪ್ರಾಕ್ಸಿ ಎಂದು ಹೆಸರು. ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಡೇವ್ ಮ್ಯಾಕ್‌ಮರ್ಟ್ರಿ ಇದನ್ನು ಬರೆದರು. ವೆಬ್‌ಮೇಲ್ ಮತ್ತು ಐಮ್ಯಾಪ್ ಸರ್ವರಿನ ನಡುವೆ ಕುಳಿತುಕೊಳ್ಳುವ ಈ ಪುಟ್ಟ ಮಧ್ಯವರ್ತಿ, ವೆಬ್‌ಮೇಲ್ ವಿದಾಯ ಹೇಳಿದಾಗ ತಾನು ಮಾತ್ರ ಸರ್ವರಿನ ಸಂಪರ್ಕ ಕಡಿಯದೆ ಸ್ವಲ್ಪ ಹೊತ್ತು ಹಿಡಿದಿಡುತ್ತದೆ. ಅದೇ ಬಳಕೆದಾರ ಮುಂದಿನ ಒತ್ತಿನೊಂದಿಗೆ ಬಂದಾಗ, ಅವನ ಗುಪ್ತಪದದ ಗುರುತನ್ನು ತನ್ನಲ್ಲಿರುವುದಕ್ಕೆ ಹೋಲಿಸಿ, ಹಳೆಯ ಸಂಪರ್ಕವನ್ನೇ ಕೈಗಿಡುತ್ತದೆ. ಸರ್ವರಿನ ಕಣ್ಣಿಗೆ ಅದು ಒಂದೇ ದೀರ್ಘ ಸಂಭಾಷಣೆಯಾಗಿ ಕಾಣುತ್ತದೆ, ಅಂದರೆ ಐಮ್ಯಾಪ್ ಹುಟ್ಟಿದ್ದು ಯಾವುದಕ್ಕೋ ಅದಕ್ಕೇ ಮರಳಿತು. ಇದಕ್ಕೆ ಬೆಲೆಯೂ ಉಂಟು. ಹಿಡಿದಿಟ್ಟ ಪ್ರತಿ ಸಂಪರ್ಕಕ್ಕೂ ಸರ್ವರಿನಲ್ಲಿ ಒಂದು ಪ್ರೊಸೆಸ್ ಕಾದು ಕುಳಿತಿರುತ್ತದೆ, ಮೆಮೊರಿ ತಿನ್ನುತ್ತದೆ. ಹಿಡಿದಿಡುವ ಅವಧಿಯನ್ನು ಕೆಲವೇ ನಿಮಿಷಗಳಿಗೆ ಸೀಮಿತಗೊಳಿಸುವುದು ಸೂಕ್ತ. ಅದು ಪುಟ ತಾನಾಗಿ ವಿಚಾರಿಸುವ ಅವಧಿಗಿಂತ ಸ್ವಲ್ಪ ಹೆಚ್ಚಿರಬೇಕು, ಇಲ್ಲವಾದರೆ ಪ್ರತಿ ಬಾರಿಯೂ ವಿಚಾರಣೆ ಬರುವಷ್ಟರಲ್ಲಿ ಸಂಪರ್ಕ ಕಡಿದಿರುತ್ತದೆ.

ವೆಬ್‌ಮೇಲ್ ಮತ್ತು ಐಮ್ಯಾಪ್ ಒಂದೇ ಯಂತ್ರದಲ್ಲಿದ್ದರೆ ಅವುಗಳ ನಡುವಿನ ಮಾತಿಗೆ ಗೂಢಲಿಪಿಯ ಹೊದಿಕೆ ಬೇಕಿಲ್ಲ. ಹೊರಗಿನ ಬ್ರೌಸರಿಗೆ ಮಾತ್ರ ಅದು ಕಡ್ಡಾಯ.

ಎಲ್ಲರಿಗೂ ಒಂದೇ ವಿಳಾಸ

ಇನ್ನು ಮಿತಿಗಳು. ಇಲ್ಲಿ ವೆಬ್‌ಮೇಲ್‌ಗೆ ವಿಶಿಷ್ಟವಾದ ಒಂದು ಬಲೆಯಿದೆ, ಅನುಭವಿಗಳೂ ಅದಕ್ಕೆ ಕಾಲು ಕೊಟ್ಟಿದ್ದುಂಟು. ಸರ್ವರಿನ ಮೇಲೆ ದಾಳಿ ಮಾಡುವವರನ್ನು ತಡೆಯಲು ಬಹುತೇಕ ತಂತ್ರಾಂಶಗಳು ಒಂದು ಐಪಿ ವಿಳಾಸದಿಂದ ಇಷ್ಟೇ ಸಂಪರ್ಕ ಎಂದು ಕಡಿವಾಣ ಹಾಕುತ್ತವೆ. ಆದರೆ ವೆಬ್‌ಮೇಲ್ ಮೂಲಕ ಬರುವವರೆಲ್ಲರೂ ಐಮ್ಯಾಪ್ ಸರ್ವರಿಗೆ ಒಂದೇ ವಿಳಾಸದಿಂದ ಬಂದವರಂತೆ ಕಾಣುತ್ತಾರೆ, ಅದು ವೆಬ್‌ಮೇಲ್ ಯಂತ್ರದ ವಿಳಾಸ. ಕೊರಿಯರ್‌ನ ಹಳೆಯ ಆವೃತ್ತಿಗಳಲ್ಲಿ ಒಟ್ಟು 40 ಸಂಪರ್ಕ, ಒಂದು ವಿಳಾಸಕ್ಕೆ 4 ಎಂಬುದು ಮೂಲ ಹೊಂದಾಣಿಕೆಯಾಗಿತ್ತು. ಅಂದರೆ ಸಾವಿರಾರು ಮಂದಿಯ ಸಂಸ್ಥೆಯಲ್ಲಿ ಏಕಕಾಲಕ್ಕೆ ವೆಬ್‌ಮೇಲ್ ಮೂಲಕ ಒಳಹೋಗಬಲ್ಲವರು ನಾಲ್ವರು! ಐದನೆಯವನಿಗೆ ಸಂಪರ್ಕ ಕಡಿಯಿತು ಎಂಬ ಉತ್ತರ. ಅವನು ತನ್ನ ಗುಪ್ತಪದವೇ ತಪ್ಪಾಯಿತೆಂದು ಭಾವಿಸಿ ಮತ್ತೆ ಮತ್ತೆ ಪ್ರಯತ್ನಿಸುತ್ತಾನೆ, ಕೊನೆಗೆ ಹೊಸ ಗುಪ್ತಪದಕ್ಕಾಗಿ ಅರ್ಜಿ ಕೊಡುತ್ತಾನೆ.

ಡವ್‌ಕಾಟ್ ಇಲ್ಲಿ ಸ್ವಲ್ಪ ಜಾಣ. ಅದು ಎಣಿಸುವುದು ವಿಳಾಸವನ್ನಷ್ಟೇ ಅಲ್ಲ, ಬಳಕೆದಾರ ಮತ್ತು ವಿಳಾಸದ ಜೋಡಿಯನ್ನು. ಮೂಲ ಮಿತಿ 10. ಒಬ್ಬರ ದಟ್ಟಣೆ ಇನ್ನೊಬ್ಬರ ಬಾಗಿಲು ಮುಚ್ಚುವುದಿಲ್ಲ. ಆದರೆ ವಿಭಾಗವೊಂದರ ಹತ್ತಾರು ಜನ ಒಂದೇ ಖಾತೆಯನ್ನು ಹಂಚಿಕೊಂಡು ಬಳಸುವ ನಮ್ಮ ಕಚೇರಿಗಳ ಪದ್ಧತಿಯಲ್ಲಿ ಈ ಹತ್ತೂ ಬೇಗ ತುಂಬುತ್ತದೆ.

ತಪ್ಪು ಗುಪ್ತಪದಗಳ ಕತೆ ಇನ್ನೂ ಅಪಾಯದ್ದು. ದಾಖಲೆ ಕಡತವನ್ನು ಓದಿ, ಪದೇ ಪದೇ ತಪ್ಪು ಹೇಳುವ ವಿಳಾಸವನ್ನು ನಿಷೇಧಿಸುವ ಫೇಲ್‌ಟುಬ್ಯಾನ್ ಎಂಬ ಕಾವಲುಗಾರ ಹಲವು ಸರ್ವರುಗಳಲ್ಲಿ ಇದ್ದಾನೆ. ಮರೆಗುಳಿ ಬಳಕೆದಾರನೊಬ್ಬ ವೆಬ್‌ಮೇಲ್‌ನಲ್ಲಿ ಐದಾರು ಸಲ ತಪ್ಪಿದನೆನ್ನಿ. ದಾಖಲೆಯಲ್ಲಿ ಬೀಳುವ ವಿಳಾಸ ವೆಬ್‌ಮೇಲ್ ಯಂತ್ರದ್ದು. ಕಾವಲುಗಾರ ನಿಷ್ಠೆಯಿಂದ ಅದನ್ನೇ ಹೊರಗಟ್ಟುತ್ತಾನೆ, ಜೊತೆಗೆ ಇಡೀ ಸಂಸ್ಥೆಯನ್ನೂ. ಇದೇ ತರ್ಕದಲ್ಲಿ ಡವ್‌ಕಾಟ್ ಕೂಡ ತಪ್ಪು ಬಂದ ವಿಳಾಸಕ್ಕೆ ಮುಂದಿನ ಉತ್ತರಗಳನ್ನು ಕೆಲವು ಸೆಕೆಂಡು ಬೇಕೆಂದೇ ತಡಮಾಡುತ್ತದೆ. ಒಬ್ಬನ ತಪ್ಪಿಗೆ ಎಲ್ಲರಿಗೂ ದಂಡ.

ಪರಿಹಾರವಾಗಿ ಕಾವಲನ್ನೇ ಕಿತ್ತುಹಾಕುವವರಿದ್ದಾರೆ. ಅದು ಸಲ್ಲದು. ಡವ್‌ಕಾಟ್‌ನಲ್ಲಿ ವಿಶ್ವಾಸಾರ್ಹ ಜಾಲಗಳ ಪಟ್ಟಿಯೊಂದಿದೆ. ವೆಬ್‌ಮೇಲ್ ಯಂತ್ರದ ವಿಳಾಸವನ್ನು ಅದರಲ್ಲಿ ಸೇರಿಸಿದರೆ ಈ ತಡಮಾಡುವ ದಂಡ ಅದಕ್ಕೆ ಅನ್ವಯಿಸುವುದಿಲ್ಲ. ಅಷ್ಟೇ ಅಲ್ಲ, ಬಳಕೆದಾರನ ನಿಜವಾದ ವಿಳಾಸವನ್ನು ತಿಳಿಸುವ ಅಧಿಕಾರವೂ ವೆಬ್‌ಮೇಲ್‌ಗೆ ದೊರೆಯುತ್ತದೆ. ರೌಂಡ್‌ಕ್ಯೂಬ್‌ಗೆ ಇದನ್ನು ಮಾಡುವ ಪ್ಲಗಿನ್‌ಗಳಿವೆ. ಆಗ ಎಣಿಕೆಯೂ ಸರಿಹೋಗುತ್ತದೆ, ದಾಖಲೆಯೂ ಸತ್ಯ ಹೇಳುತ್ತದೆ. ಫೇಲ್‌ಟುಬ್ಯಾನ್‌ನ ವಿನಾಯಿತಿ ಪಟ್ಟಿಗೆ ವೆಬ್‌ಮೇಲ್ ಯಂತ್ರವನ್ನು ಸೇರಿಸಿ, ತಪ್ಪು ಪ್ರವೇಶಗಳ ಕಾವಲನ್ನು ವೆಬ್‌ಮೇಲ್‌ನ ಸ್ವಂತ ದಾಖಲೆಯ ಮೇಲೆ ಇರಿಸುವುದು ಕ್ರಮ.

ಒಳಗೆ ಅಗಲ, ಹೊರಗೆ ಕಿರಿದು

ಸರಪಣಿಯಲ್ಲಿ ಮಿತಿಗಳು ಹಲವು ಕಡೆ ಇರುತ್ತವೆ: ವೆಬ್ ಸರ್ವರ್, ಪಿಎಚ್‌ಪಿ, ದತ್ತಸಂಚಯ, ಐಮ್ಯಾಪ್‌ನ ಪ್ರವೇಶದ್ವಾರ, ಐಮ್ಯಾಪ್‌ನ ಒಳಮನೆ. ಪ್ರತಿಯೊಂದರ ಮೂಲ ಹೊಂದಾಣಿಕೆಯನ್ನೂ ಬೇರೆ ಬೇರೆ ಜನ ಬೇರೆ ಬೇರೆ ಉದ್ದೇಶಕ್ಕೆ ನಿಗದಿಪಡಿಸಿದ್ದಾರೆ. ಅಪಾಚೆಯ 256ಕ್ಕೂ ಮೈಎಸ್‌ಕ್ಯೂಎಲ್‌ನ 151ಕ್ಕೂ ಯಾವ ಒಪ್ಪಂದವೂ ಇಲ್ಲ. ರೌಂಡ್‌ಕ್ಯೂಬ್ ತನ್ನ ಬಳಕೆದಾರರ ನೆನಪನ್ನು ದತ್ತಸಂಚಯದಲ್ಲಿ ಇಡುತ್ತದೆ. ದಟ್ಟಣೆಯ ದಿನ 152ನೆಯ ಬೇಡಿಕೆ ಒಳಗೆ ಬಂದು ಎಡವುವುದು ಅಲ್ಲಿಯೇ.

ಅರ್ಧ ಒಳಬಂದು ಬಿದ್ದವನಿಗಿಂತ ಬಾಗಿಲಲ್ಲಿಯೇ ಸ್ವಲ್ಪ ಹೊತ್ತು ಕಾದವನು ಸುಖಿ. ಆದುದರಿಂದ ಅತ್ಯಂತ ಕಿರಿದಾದ ಬಾಗಿಲು ಎಲ್ಲಕ್ಕಿಂತ ಹೊರಗಿರಬೇಕು, ಒಳಗೆ ಹೋದಂತೆಲ್ಲ ಅಗಲವಾಗಬೇಕು. ಹೊರಬಾಗಿಲಿನ ಅಳತೆಯನ್ನು ಮೆಮೊರಿ ನಿರ್ಧರಿಸುತ್ತದೆ. ಪಿಎಚ್‌ಪಿಯ ಒಂದು ಪ್ರೊಸೆಸ್ 40 ಮೆಗಾಬೈಟ್ ತಿನ್ನುವುದಾದರೆ 120 ಪ್ರೊಸೆಸ್‌ಗಳಿಗೆ 4800 ಮೆಗಾಬೈಟ್. 8 ಗಿಗಾಬೈಟ್‌ನ ಯಂತ್ರದಲ್ಲಿ ಉಳಿದದ್ದು ಐಮ್ಯಾಪ್‌ಗೂ, ಡಿಸ್ಕಿನ ಸೂಚಿಗಳನ್ನು ಮೆಮೊರಿಯಲ್ಲಿ ಇರಿಸಿಕೊಳ್ಳಲಿಕ್ಕೂ ಬೇಕು. ಇಲ್ಲಿ 120ರ ಬದಲು 250 ಎಂದು ಬರೆದರೆ ಯಂತ್ರ ಮೆಮೊರಿ ಸಾಲದೆ ಡಿಸ್ಕಿಗೆ ಸ್ವಾಪ್ ಮಾಡತೊಡಗುತ್ತದೆ. ಆ ಡಿಸ್ಕೋ ಮೊದಲೇ ಸುಸ್ತಾಗಿದೆ. ಮಿತಿ ಏರಿಸಿ ಸರ್ವರ್ ಕೊಲ್ಲುವ ಅತಿ ಸಾಮಾನ್ಯ ವಿಧಾನವಿದು. ನಿಮ್ಮ ಪ್ರೊಸೆಸ್ ನಿಜಕ್ಕೂ ಎಷ್ಟು ತಿನ್ನುತ್ತದೆ ಎಂಬುದನ್ನು ದಟ್ಟಣೆಯ ಹೊತ್ತಿನಲ್ಲಿಯೇ ಅಳೆದು ನೋಡಬೇಕು, ಮೇಲಿನ 40 ಕೇವಲ ಉದಾಹರಣೆ.

ಹೊರಬಾಗಿಲು 120 ಆದರೆ ದತ್ತಸಂಚಯದ 151 ಸಾಕಾಗುತ್ತದೆ. ಐಮ್ಯಾಪ್‌ನಲ್ಲಿ 120 ಮಾತ್ರ ಸಾಲದು, ಮೊಬೈಲ್ ಫೋನುಗಳೂ ಥಂಡರ್‌ಬರ್ಡ್ ಬಳಸುವವರೂ ನೇರವಾಗಿ ಅಲ್ಲಿಗೇ ಬರುತ್ತಾರೆ. ಥಂಡರ್‌ಬರ್ಡ್ ಒಂದೇ ಖಾತೆಗೆ ಐದು ಸಂಪರ್ಕಗಳವರೆಗೆ ಹಿಡಿದಿಡುತ್ತದೆ. ಡವ್‌ಕಾಟ್‌ನ ಒಳಮನೆಯ ಮೂಲ ಮಿತಿ 1024 ಇರುವುದರಿಂದ ಮೇಲ್ನೋಟಕ್ಕೆ ಚಿಂತೆ ಕಾಣುವುದಿಲ್ಲ. ತೊಡಕು ಇರುವುದು ಪ್ರವೇಶದ್ವಾರದಲ್ಲಿ. ಭದ್ರತೆಗೆ ಆದ್ಯತೆ ನೀಡುವ ಮೂಲ ಕ್ರಮದಲ್ಲಿ ಪ್ರತಿ ಹೊಸ ಸಂಪರ್ಕಕ್ಕೂ ಒಂದು ಹೊಸ ಪ್ರವೇಶ ಪ್ರೊಸೆಸ್ ಹುಟ್ಟುತ್ತದೆ, ಅಂತಹವುಗಳ ಮಿತಿ 100. ಗೂಢಲಿಪಿಯಲ್ಲಿ ಮಾತನಾಡುವ ಫೋನುಗಳಿಗಾಗಿ ಹುಟ್ಟಿದ ಪ್ರೊಸೆಸ್ ಆ ಸಂಪರ್ಕ ಮುಗಿಯುವವರೆಗೂ ಜೀವಂತವಾಗಿರುತ್ತದೆ. ನೂರು ಫೋನುಗಳು ಜೇಬಿನಲ್ಲಿ ಸುಮ್ಮನೆ ಕುಳಿತೇ ದ್ವಾರವನ್ನು ತುಂಬಿಸಿಬಿಟ್ಟರೆ ವೆಬ್‌ಮೇಲ್‌ನವರು ಹೊರಗೆ.

ಇದಕ್ಕೆ ಡವ್‌ಕಾಟ್‌ನಲ್ಲಿ ಇನ್ನೊಂದು ಕ್ರಮವಿದೆ. ಒಂದೊಂದು ಪ್ರವೇಶ ಪ್ರೊಸೆಸ್ ನೂರಾರು ಸಂಪರ್ಕಗಳನ್ನು ನಿಭಾಯಿಸುವಂತೆ ಹೇಳಿ, ಪ್ರೊಸೆಸರಿನ ಕೋರ್‌ಗಳ ಸಂಖ್ಯೆಯಷ್ಟು ಪ್ರೊಸೆಸ್‌ಗಳನ್ನು ಸದಾ ಸಿದ್ಧವಾಗಿ ಇಡುವುದು. ವೇಗ ಹೆಚ್ಚುತ್ತದೆ, ಪ್ರತಿಯಾಗಿ ಪ್ರತ್ಯೇಕತೆ ಕುಗ್ಗುತ್ತದೆ. ಆ ಪ್ರೊಸೆಸ್‌ನಲ್ಲಿ ಎಂದಾದರೂ ದೋಷ ಕಂಡುಬಂದರೆ ಒಬ್ಬರ ಬದಲು ಹಲವರ ಮಾಹಿತಿ ಅಪಾಯಕ್ಕೆ ಸಿಕ್ಕುತ್ತದೆ. ಆಯ್ಕೆ ನಿರ್ವಾಹಕರದು. 2025ರಲ್ಲಿ ಬಂದ ಡವ್‌ಕಾಟ್ 2.4ರಲ್ಲಿ ಹಲವು ಹೊಂದಾಣಿಕೆಗಳ ಹೆಸರುಗಳೇ ಬದಲಾಗಿರುವುದರಿಂದ ಹಳೆಯ ಟಿಪ್ಪಣಿಗಳಿಂದ ಸಾಲುಗಳನ್ನು ನಕಲು ಮಾಡುವವರು ಎಚ್ಚರ ವಹಿಸಬೇಕು.

ಕರ್ನಲ್‌ನ ಕೆಲವು ಹಳೆಯ ಮಾತುಗಳು

ಲಿನಕ್ಸ್‌ನಲ್ಲಿ ಸಂಪರ್ಕ ಮುಗಿದ ಮೇಲೂ, ಅದನ್ನು ಮೊದಲು ಮುಚ್ಚಿದ ಕಡೆಯಲ್ಲಿ 60 ಸೆಕೆಂಡು ಅದರ ಗುರುತು ಉಳಿಯುತ್ತದೆ. ಹೊರಹೋಗುವ ಸಂಪರ್ಕಗಳಿಗೆ ಸಿಗುವ ಪೋರ್ಟುಗಳು ಮೂಲತಃ 32768ರಿಂದ 60999ರವರೆಗೆ, ಅಂದರೆ 28,232. ವೆಬ್‌ಮೇಲ್ ಕಡೆಯೇ ಮೊದಲು ಮುಚ್ಚುವುದಾದರೆ ಒಂದು ಐಮ್ಯಾಪ್ ವಿಳಾಸಕ್ಕೆ ಸೆಕೆಂಡಿಗೆ ಸುಮಾರು 470 ಹೊಸ ಸಂಪರ್ಕಗಳಾದಾಗ ಪೋರ್ಟುಗಳು ಬರಿದಾಗುತ್ತವೆ. ಮಧ್ಯಮ ಗಾತ್ರದ ಸಂಸ್ಥೆ ಅಲ್ಲಿಗೆ ತಲುಪುವುದು ಅಪರೂಪ, ತಲುಪಿದರೆ ಐಮ್ಯಾಪ್‌ಪ್ರಾಕ್ಸಿಯೇ ಮೊದಲ ಮದ್ದು.

ಎರಡು ಸಾವಿರದ ದಶಕದ ಲೇಖನಗಳಲ್ಲಿ ಇದಕ್ಕೆ 'ಟಿಡಬ್ಲ್ಯೂ ರೀಸೈಕಲ್' ಎಂಬ ಆಯ್ಕೆಯನ್ನು ಚಾಲನೆಗೊಳಿಸಿ ಎಂಬ ಸಲಹೆ ಧಾರಾಳವಾಗಿತ್ತು. ಒಂದೇ ವಿಳಾಸದ ಹಿಂದೆ ಹಲವು ಗಣಕಗಳಿರುವ ಕಡೆ, ಉದಾಹರಣೆಗೆ ವಿದ್ಯಾರ್ಥಿನಿಲಯದಲ್ಲಿ, ಅದು ಕೆಲವರ ಸಂಪರ್ಕಗಳನ್ನು ಸದ್ದಿಲ್ಲದೆ ನುಂಗುತ್ತಿತ್ತು. ಒಂದೇ ಕೊಠಡಿಯಲ್ಲಿ ಒಬ್ಬರಿಗೆ ಅಂಚೆ ತೆರೆಯುತ್ತದೆ, ಪಕ್ಕದವರಿಗೆ ಇಲ್ಲ. ಎಷ್ಟು ಹುಡುಕಿದರೂ ಕಾರಣ ಸಿಗದು. 2017ರಲ್ಲಿ ಬಂದ ಲಿನಕ್ಸ್ 4.12ರಿಂದ ಆ ಆಯ್ಕೆಯನ್ನೇ ತೆಗೆದುಹಾಕಲಾಗಿದೆ. ಕಾಯುವ ಸರತಿಯ ಉದ್ದ ಹಿಂದೆ 128 ಇದ್ದದ್ದು 2019ರ ಲಿನಕ್ಸ್ 5.4ರಿಂದ 4096 ಆಗಿದೆ. ಹೊಸ ಕರ್ನಲ್ ಇದ್ದವರು ಇಲ್ಲಿ ಕೈಯಾಡಿಸುವ ಅಗತ್ಯ ಕಡಿಮೆ. ಒಂದು ಪ್ರೊಸೆಸ್ ತೆರೆಯಬಹುದಾದ ಕಡತಗಳ ಸಂಖ್ಯೆ ಹಲವು ವ್ಯವಸ್ಥೆಗಳಲ್ಲಿ ಇನ್ನೂ 1024ಕ್ಕೇ ನಿಂತಿರುವುದುಂಟು. ಸಂಪರ್ಕವೂ ಒಂದು ಕಡತದಂತೆಯೇ ಎಣಿಕೆಯಾಗುವುದರಿಂದ, ಹಲವು ಸಂಪರ್ಕಗಳನ್ನು ಒಂದೇ ಪ್ರೊಸೆಸ್‌ಗೆ ವಹಿಸಿದವರು ಇದನ್ನು ಪರಿಶೀಲಿಸಲೇಬೇಕು.

ಒಂದು ಯಂತ್ರ ಸಾಲದೆ ಎರಡು ಮೂರು ಐಮ್ಯಾಪ್ ಯಂತ್ರಗಳನ್ನು ಹಂಚಿಕೆಯ ಡಿಸ್ಕಿನ ಮುಂದೆ ನಿಲ್ಲಿಸುವವರು, ಒಬ್ಬ ಬಳಕೆದಾರ ಯಾವಾಗಲೂ ಒಂದೇ ಯಂತ್ರಕ್ಕೆ ಹೋಗುವಂತೆ ನೋಡಿಕೊಳ್ಳಬೇಕು. ಒಂದೇ ಪೆಟ್ಟಿಗೆಯ ಸೂಚಿಯನ್ನು ಎರಡು ಯಂತ್ರಗಳು ಒಟ್ಟಿಗೆ ಬರೆದರೆ ಸೂಚಿ ಕೆಡುತ್ತದೆ. ಕೆಟ್ಟ ಸೂಚಿಯನ್ನು ಮತ್ತೆ ಕಟ್ಟುವ ಕೆಲಸ ದಟ್ಟಣೆಯ ನಡುವೆಯೇ ಬಂದೊದಗುತ್ತದೆ.

ಈ ತೊಡಕುಗಳ ಮೂಲವನ್ನೇ ಕೀಳುವ ಯತ್ನವೂ ನಡೆದಿದೆ. 2019ರಲ್ಲಿ ಪ್ರಮಾಣಿತಗೊಂಡ ಜೆಮ್ಯಾಪ್ ಎಂಬ ಹೊಸ ವಿಧಾನ ವೆಬ್‌ನ ಮರೆಗುಳಿತನವನ್ನು ಒಪ್ಪಿಕೊಂಡೇ ರೂಪುಗೊಂಡಿದೆ. ಹಲವು ಪ್ರಶ್ನೆಗಳನ್ನು ಒಂದೇ ಬೇಡಿಕೆಯಲ್ಲಿ ಕಟ್ಟಿ ಕಳಿಸಬಹುದು. ಆದರೂ ಐಮ್ಯಾಪ್ ಬಳಕೆಯೇ ಇಂದಿಗೂ ವ್ಯಾಪಕ.

ಎಲ್ಲಿಂದ ಆರಂಭಿಸಬೇಕು ಎಂದು ಕೇಳುವ ನಿರ್ವಾಹಕರಿಗೆ ಉತ್ತರ ಅವರ ದಾಖಲೆ ಕಡತದಲ್ಲಿಯೇ ಇದೆ. ದಟ್ಟಣೆಯ ಬೆಳಿಗ್ಗೆ ಮೊದಲು ನೋಡಬೇಕಾದ್ದು ಎರಡನ್ನು. ಡಿಸ್ಕಿಗಾಗಿ ಪ್ರೊಸೆಸರ್ ಕಾಯುತ್ತಿದೆಯೇ ಎಂಬುದನ್ನು 'ವಿಎಂಸ್ಟಾಟ್' ತೋರಿಸುತ್ತದೆ. ಮಿತಿ ಮುಟ್ಟಿತೇ ಎಂಬುದನ್ನು ಡವ್‌ಕಾಟ್ ತನ್ನ ದಾಖಲೆಯಲ್ಲಿ, ಯಾವ ಮಿತಿ, ಅದರ ಅಂಕಿ ಎಷ್ಟು ಎಂಬುದರ ಸಮೇತ ಬರೆದಿಡುತ್ತದೆ. ಡಿಸ್ಕ್ ಕಾಯಿಸುತ್ತಿದ್ದರೆ ಮಿತಿಗಳನ್ನು ಮುಟ್ಟಬೇಡಿ. ಡಿಸ್ಕ್ ಬಿಡುವಾಗಿದ್ದು ಮಿತಿ ಮುಟ್ಟಿದ್ದರೆ ಮಾತ್ರ ಅದನ್ನು ಏರಿಸಿ, ಒಂದು ಸಲಕ್ಕೆ ಒಂದನ್ನೇ, ಹಿಂದಿನ ಅಂಕಿಯನ್ನು ಬರೆದಿಟ್ಟುಕೊಂಡು. ಹೊರಬಾಗಿಲು ತುಂಬಿದಾಗ ಕಾಣುವ ಪುಟದಲ್ಲಿ, ದಟ್ಟಣೆಯಿಂದ ತಡವಾಗುತ್ತಿದೆ, ಗುಪ್ತಪದ ಸರಿಯಾಗಿಯೇ ಇದೆ, ಪತ್ರಗಳು ಸುರಕ್ಷಿತವಾಗಿವೆ, ಐದು ನಿಮಿಷ ಬಿಟ್ಟು ಬನ್ನಿ ಎಂದು ಕನ್ನಡದಲ್ಲಿ ನಾಲ್ಕು ಸಾಲು ಬರೆದಿಡಿ. ರಿಫ್ರೆಶ್ ಗುಂಡಿಯ ಮೇಲಿರುವ ಬೆರಳನ್ನು ಹಿಂದೆಗೆಸಲು ಅಷ್ಟು ಸಾಕಾಗುತ್ತದೆ.